ಹುಡುಗಿ ಸರಿಯಾಗಿಯೇ ಹುಡುಕಿದ್ದಳು

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಚಿತ್ರದುರ್ಗದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಅಟೆಂಡರ್ ಆಗಿದ್ದೆ. ಪುಸ್ತಕ ಹುಡುಕುವ ಕಾರ್ಡುಗಳನ್ನು ತೆಗೆದು ಕಂಪ್ಯೂಟರ್ ಇಟ್ಟ ಮೇಲೆ ನನಗೊಂದು ಹೊಸ ಆಟ ಸಿಕ್ಕಿತು. ಮೊಬೈಲಿನಲ್ಲಿ ಚುರುಕಾಗಿ ಬೆರಳಾಡಿಸುವ ಮಕ್ಕಳು ಅದರ ಮುಂದೆ ತಡವರಿಸುತ್ತಿದ್ದರು. ಪುಸ್ತಕದ ಹೆಸರು ಹಾಕುವ ಜಾಗದಲ್ಲಿ ಇಡೀ ಪ್ರಶ್ನೆಯನ್ನೇ ಬರೆಯುತ್ತಿದ್ದರು. ಏನೂ ಬರದಿದ್ದರೆ ಪುಸ್ತಕವೇ ಇಲ್ಲವೆಂದು ಹೊರಟುಬಿಡುತ್ತಿದ್ದರು. ನಾನು ಕೂತಲ್ಲಿಂದಲೇ ನಗುತ್ತಿದ್ದೆ.

ತಾಳ್ಯದ ಕಡೆಯ ಒಬ್ಬ ಹುಡುಗಿ, ಕುರಿ ಸಾಕುವವರ ಮನೆಯವಳು, ಮೊದಲ ದಿನ ಪರದೆಯನ್ನೇ ಬೆರಳಿನಿಂದ ಸವರಿದಳು.

“ಏನವ್ವ, ಕುರಿ ಮೈ ಸವರಿದಂಗೆ ಸವರ್ತೀಯಲ್ಲ, ಹಾಲು ಕೊಡ್ತೈತಾ ಅದು?” ಎಂದೆ.

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಆದರೆ ಬಿಡಲಿಲ್ಲ, ಗೆಳತಿಯ ಪಕ್ಕ ಕೂತು ಹುಡುಕುವುದನ್ನು ಕಲಿತಳು.

ಪರೀಕ್ಷೆ ಹತ್ತಿರವಾದಾಗ ಅವಳಿಗೆ ಅರ್ಥಶಾಸ್ತ್ರದ ಒಂದು ಪುಸ್ತಕ ಬೇಕಾಯಿತು. ಹಿಂದಿನ ಸಲ ಅದರಲ್ಲೇ ಫೇಲಾಗಿದ್ದಳು. ಇನ್ನೊಮ್ಮೆ ಫೇಲಾದರೆ ಮನೆಯವರು ಕಾಲೇಜು ಬಿಡಿಸುವವರಿದ್ದರು. ಪುಸ್ತಕದ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಬಂದಳು.

“ಸರ್, ಕಪಾಟಿನಾಗೆ ಐತೆ ಅಂತ ತೋರಿಸ್ತೈತೆ. ನೋಡಿದ್ರೆ ಅಲ್ಲಿಲ್ಲ.”

ಅಲ್ಲಿ ಹೇಗಿದ್ದೀತು? ಹೆಚ್ಚು ಜನ ಕೇಳುವ ಪುಸ್ತಕಗಳನ್ನು ಯಾರ ಹೆಸರಿಗೂ ಬರೆಯದೆ ನಾನು ಮೇಜಿನ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ಮೇಷ್ಟ್ರು ಹೇಳಿ ಕಳಿಸಿದವರಿಗೆ, ನನಗೆ ಟೀ ಕುಡಿಸಿದವರಿಗೆ ಅವು. ಅವಳು ಕೇಳಿದ ಪುಸ್ತಕ ನನ್ನ ಮೊಣಕಾಲಿಗೆ ತಾಗುತ್ತಿತ್ತು.

“ನೀನು ಹುಡುಕಿದ್ದೇ ತಪ್ಪು ಕಣವ್ವ. ಇನ್ನೊಂದ್ಸಲ ನೋಡು, ಹೋಗು.”

ಹೋದಳು, ಹುಡುಕಿದಳು, ಅದೇ ನಂಬರು ತಂದಳು. ಮತ್ತೆ ಕಳಿಸಿದೆ. ಸಾಯಂಕಾಲದವರೆಗೂ ಹೀಗೇ ಓಡಾಡಿಸಿದೆ.

“ಬಿಡು, ನಿನ್ನ ತಲೆಗೆ ಹತ್ತೋದಲ್ಲ ಇದು,” ಎಂದೆ ಕೊನೆಗೆ. ಅಂಗೈಯನ್ನು ದುಪಟ್ಟಾಕ್ಕೆ ಉಜ್ಜಿಕೊಂಡು ಹೋದಳು. ಆ ಸಲವೂ ಫೇಲಾದಳು. ಕಾಲೇಜು ಬಿಡಿಸಿದರು.

ನಾನು ರಿಟೈರಾದ ಮೇಲೆ ಹೊಳಲ್ಕೆರೆ ಬಸ್ಸಿನಲ್ಲಿ ಸಿಕ್ಕಳು. ಗುರುತು ಹಿಡಿದು ಎದ್ದು ನಿಂತಳು. “ಕುಂತ್ಕಳ್ರಿ ಸರ್.” ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸವಂತೆ.

“ಸೊಸೈಟಿಯಾಗೆ ಕರೆದಿದ್ರು ಸರ್. ಕಂಪ್ಯೂಟರ್ ನೋಡ್ಕಬೇಕು ಅಂದ್ರು, ನಾನೇ ಬ್ಯಾಡ ಅಂದೆ. ನಿಮಗೆ ಗೊತ್ತಲ್ಲ, ಒಂದು ಪುಸ್ತಕ ಹುಡುಕಾಕೂ ಬರ್ಲಿಲ್ಲ ನನಗೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಿಜ ಹೇಳುತ್ತಿದ್ದೆನೋ ಏನೋ. ಬಸ್ಸಿನಲ್ಲಿ ಜನ ತುಂಬಿದ್ದರು, ಕೇಳಿಸಿಕೊಳ್ಳುತ್ತಾರೆ ಎನ್ನಿಸಿತು.

“ಹೋಗ್ಲಿ ಬಿಡವ್ವ, ಈಗೇನು ಕಮ್ಮಿ ಆಗೈತೆ ನಿನಗೆ,” ಎಂದೆ.

ಹೌದೆಂಬಂತೆ ತಲೆಯಾಡಿಸಿದಳು. ಊರು ಬರುವವರೆಗೂ ಅವಳು ನಿಂತೇ ಇದ್ದಳು, ನಾನು ಕೂತೇ ಇದ್ದೆ.