ಸೀಟಿ ಊದದೆ ಹೊರಟ ರೈಲು

ಎಂಬತ್ತರ ದಶಕದ ಆರಂಭದ ಮಾತು. ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಯಜಮಾನರು ಸ್ವಿಟ್ಜರ್ಲೆಂಡಿನಿಂದ ಒಂದು ಗ್ರೈಂಡಿಂಗ್ ಮಷೀನು ತರಿಸುವವರಿದ್ದರು. ಅದನ್ನು ನಡೆಸುವುದು ಕಲಿತು ಬನ್ನಿ ಎಂದು ನನ್ನನ್ನೂ ನಮ್ಮ ಫೋರ್‌ಮನ್ನರನ್ನೂ ಅಲ್ಲಿಗೆ ಕಳಿಸಿದರು. ಫೋರ್‌ಮನ್ ಲಗ್ಗೆರೆಯವರು, ಐವತ್ತು ದಾಟಿದವರು, ಕನ್ನಡ ಬಿಟ್ಟರೆ ಇನ್ನೊಂದು ಭಾಷೆ ಆಡದವರು. ಇಂಗ್ಲಿಷ್ ಮಾತಾಡುವುದು ನನ್ನ ಪಾಲಿನ ಕೆಲಸ. ಅಲ್ಲಿ ಇಂಗ್ಲಿಷೂ ಅಷ್ಟಾಗಿ ನಡೆಯುವುದಿಲ್ಲ ಎಂದು ಹೋದ ಮೇಲೆ ಗೊತ್ತಾಯಿತು.

ಒಂದು ಭಾನುವಾರ ಅಲ್ಲಿಯವರು ಕೈಗೆ ರೈಲು ಟಿಕೆಟ್ ಕೊಟ್ಟು, ಆಲ್ಪ್ಸ್ ನೋಡಿಕೊಂಡು ಬನ್ನಿ ಎಂದರು. ಮೊದಲು ಸರೋವರ, ಆಮೇಲೆ ಇಳಿಜಾರುಗಳು, ಮರದ ಮನೆಗಳು. ಡಬ್ಬಿಯೊಳಗೆ ಬೆಚ್ಚಗಿತ್ತು. ಫೋರ್‌ಮನ್ ಕೋಟು ಬಿಚ್ಚಿ ಕೊಕ್ಕೆಗೆ ತಗುಲಿಹಾಕಿ, "ಇಷ್ಟ್ ಚೊಕ್ಕಟವಾಗಿ ಇಟ್ಕಂಡವ್ರಲ್ಲ, ಇವ್ರು ಎಲೆ ಅಡ್ಕೆ ಉಗಿಯೋದಾದ್ರೂ ಎಲ್ಲಿ?" ಎಂದು ಕಾಳಜಿಯಿಂದ ಕೇಳಿದರು.

ದೊಡ್ಡ ಬೆಟ್ಟಗಳು ಶುರುವಾಗುವ ಮುಂಚೆ ಒಂದು ಊರಲ್ಲಿ ರೈಲು ನಿಂತಿತು. ಏರು ಹತ್ತಲು ಇನ್ನೊಂದು ಎಂಜಿನ್ ಜೋಡಿಸುತ್ತಿದ್ದರು. ಹೊರಗೆ ಹಿಮ ಬಿದ್ದಿತ್ತು. ಪ್ಲಾಟ್‌ಫಾರ್ಮಿನಲ್ಲೊಂದು ನಲ್ಲಿ.

"ಎಂಜಿನ್ ಕಟ್ತಾವ್ರೆ, ಅರಸೀಕೆರೇಲಿ ನಿಂತಂಗೆ ನಿಲ್ತದೆ ಬಿಡು. ನೀರ್ ಇಡ್ಕಂಡ್ ಬತ್ತೀನಿ" ಎಂದು ಬಾಟಲಿ ಎತ್ತಿಕೊಂಡು ಇಳಿದೇಬಿಟ್ಟರು. ನಾನೂ ತಡೆಯಲಿಲ್ಲ. ಎಂಜಿನ್ ಕೂಗಿ, ಗಾರ್ಡು ಸೀಟಿ ಊದಿ, ಹಸಿರು ಬಾವುಟ ಆಡಿಸಿ, ಗಾಡಿ ಒಮ್ಮೆ ಜಗ್ಗಿದ ಮೇಲೂ ಓಡಿಬಂದು ಹತ್ತಬಹುದು. ನಮ್ಮಿಬ್ಬರಿಗೂ ಗೊತ್ತಿದ್ದ ರೈಲು ಅಂಥದ್ದು.

ಇದರ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ಕಿಟಕಿಯಾಚೆ ಫೋರ್‌ಮನ್ ಮೆಲ್ಲಗೆ ಹಿಂದಕ್ಕೆ ಸರಿದಾಗಲೇ ಗಾಡಿ ಹೊರಟಿದೆ ಎಂದು ನನಗೆ ತಿಳಿದದ್ದು. ಅವರು ಬಾಟಲಿ ಬಿಸಾಕಿ ಓಡಿಬಂದರು. ಬಾಗಿಲ ಹಿಡಿ ಜಗ್ಗಿದರು. ಗಾಜಿಗೆ ಬಡಿದರು. ಬಾಯಿ ಆಡುತ್ತಿತ್ತು, ದನಿ ಕೇಳಿಸಲಿಲ್ಲ. ಆಮೇಲೆ ಅವರೂ ಕಾಣಲಿಲ್ಲ.

ಕೋಟು ಕೊಕ್ಕೆಯಲ್ಲೇ ತೂಗಾಡುತ್ತಿತ್ತು. ಪಾಸ್‌ಪೋರ್ಟು, ದುಡ್ಡು, ಟಿಕೆಟ್ ಎಲ್ಲ ಅದರ ಜೇಬಿನಲ್ಲಿ. ಒಂದು ಸ್ವೆಟರಿನಲ್ಲೇ ಆ ಮನುಷ್ಯ ಹಿಮದಲ್ಲಿ ನಿಂತಿದ್ದಾರೆ. ಯಾರನ್ನು ಏನೆಂದು ಕೇಳುತ್ತಾರೆ? ಪೊಲೀಸರು ಹಿಡಿದುಕೊಂಡು ಹೋದರೆ ನಾನು ಎಲ್ಲಿ ಹುಡುಕಲಿ?

ಸರಪಳಿ ಎಳೆಯೋಣವೆಂದು ಕಿಟಕಿಗಳ ಮೇಲೆಲ್ಲ ತಡಕಾಡಿದೆ. ಸರಪಳಿಯೇ ಇರಲಿಲ್ಲ. ಬಾಗಿಲ ಪಕ್ಕದ ಕೆಂಪು ಹಿಡಿಯೇ ಅದು ಎಂದು ನನಗೆ ಯಾರೋ ಹೇಳಿದ್ದು ಎಷ್ಟೋ ಕಾಲದ ಮೇಲೆ. ಎದುರು ಸೀಟಿನ ಅಜ್ಜಿಯೊಬ್ಬರು, ನಾನು ಏನೋ ಕಳೆದುಕೊಂಡಿದ್ದೇನೆಂದು ತಾವೂ ಎದ್ದು ಸೀಟಿನ ಕೆಳಗೆ ಬಗ್ಗಿ ನೋಡಿದರು. "ಮೈ ಫ್ರೆಂಡ್, ಸ್ಟೇಷನ್" ಎಂದೆ. ಆಕೆ ತಲೆಯಾಡಿಸಿ, ನಕ್ಕು, ಬೆಟ್ಟದ ಮೇಲೆ ಎತ್ತರದಲ್ಲಿದ್ದ ಒಂದು ಬಿಳಿ ಚರ್ಚನ್ನು ನನಗೆ ತೋರಿಸಿದರು.

ಸುರಂಗ ಬಂತು, ಕಗ್ಗತ್ತಲು. ಹೊರಬಂದಾಗ ಅದೇ ಚರ್ಚು, ಈಗ ನಮ್ಮ ಸಮಕ್ಕೇ ಇತ್ತು. ಮತ್ತೆ ಸುರಂಗ. ಹೊರಬಂದರೆ ಅದೇ ಚರ್ಚು, ಈ ಸಲ ಕೆಳಗೆ ಪಾತಾಳದಲ್ಲಿ. ರೈಲು ಬೆಟ್ಟದ ಹೊಟ್ಟೆಯೊಳಗೆ ಸುತ್ತಿ ಸುತ್ತಿ ಮೇಲೇರುತ್ತದಂತೆ, ಅದನ್ನು ನೋಡಲೆಂದೇ ಜನ ದೂರದ ದೇಶಗಳಿಂದ ಬರುತ್ತಾರಂತೆ. ನನಗೆ ಮಾತ್ರ ತಲೆ ಕೆಟ್ಟುಹೋಯಿತು ಅನ್ನಿಸಿತು. ಸೇತುವೆ, ಕಮರಿ, ಹಿಮದ ಗೋಡೆ, ಯಾವುದೂ ಚೆಂದ ಕಾಣಲಿಲ್ಲ. ಪ್ರತಿ ಸುತ್ತಿಗೂ ಅವರಿಂದ ಇನ್ನಷ್ಟು ದೂರವಾಗುತ್ತಿದ್ದೇನೆ ಎಂಬುದೊಂದೇ ಗೊತ್ತಿತ್ತು.

ಮುಂದಿನ ನಿಲ್ದಾಣದಲ್ಲಿ ಕೋಟು ಅವುಚಿಕೊಂಡು ಇಳಿದೆ. ಸ್ಟೇಷನ್ ಮಾಸ್ತರರಿಗೆ ಕೋಟು ತೋರಿಸಿ, ಬಂದ ದಿಕ್ಕು ತೋರಿಸಿ, ನೀರು ಕುಡಿಯುವಂತೆ ಅಭಿನಯಿಸಿದೆ. ಪುಣ್ಯಾತ್ಮ ಒಳಗೆ ಹೋಗಿ ನನಗೊಂದು ಲೋಟ ನೀರು ತಂದುಕೊಟ್ಟ. ಬೆಚ್ಚಗೆ ಒಳಗೆ ಕೂರು ಎಂದು ಸನ್ನೆ ಮಾಡಿದ. ನಾನು ಕೂರಲಿಲ್ಲ. ವಾಪಸು ಹೋಗೋಣವೆಂದರೆ, ಅಷ್ಟರಲ್ಲಿ ಅವರು ಈ ಕಡೆ ಬಂದುಬಿಟ್ಟರೆ ಎಂಬ ಭಯ. ಪ್ಲಾಟ್‌ಫಾರ್ಮಿನ ಅಂಚಿನಲ್ಲೇ ನಿಂತು, ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ.

ನಮ್ಮ ಹಿಂದೆ ಹೊರಟಿದ್ದ ರೈಲು ಬಂತು. ಕೊನೆಯ ಡಬ್ಬಿಯಿಂದ ಫೋರ್‌ಮನ್ ಇಳಿದರು, ಹೆಗಲ ಮೇಲೆ ಯಾರೋ ಹೊದಿಸಿದ ಕಂಬಳಿ. ಬಂದವರೇ ಬೈಯತೊಡಗಿದರು.

"ಯಾಕಯ್ಯ ಇಳ್ದೆ? ಕಿಟ್ಕೀಲಿ ನಿನ್ ಮಖ ಕಾಣ್ದಿದ್ರೆ ನಾನು ಇಂಗೇ ಮುಂದಕ್ಕೋಗ್ಬಿಡ್ತಿದ್ದೆ!"

"ನಿಮಗೇನಾಯ್ತೋ ಅಂತ ಹೆದರ್ಕೊಂಡಿದ್ದೆ ಅಣ್ಣ."

"ನಂಗೇನಾಯ್ತದೆ? ನಿಂಗೇನಾರ ಆಗಿದ್ರೆ? ಊರ್ ಬಿಡೋಕ್ ಮುಂಚೆ ನಿಮ್ಮಮ್ಮ ಬಸ್ ಇಡ್ಕಂಡು ನಮ್ಮನೆಗ್ ಬಂದಿದ್ರು ಕಣಯ್ಯ. ಒಬ್ನೇ ಮಗ, ಬಲೇ ಪುಕ್ಲ, ಕೈ ಬಿಡ್ಬೇಡಿ ಅಂತ ಅತ್ಬಿಟ್ರು."

ಅಮ್ಮ ಹೋಗಿದ್ದು ನನಗೆ ಗೊತ್ತೇ ಇರಲಿಲ್ಲ. ಕೋಟು ತೊಡಿಸಿದೆ. ತೋಳು ತೂರಿಸಲಾಗದಷ್ಟು ನಡುಗುತ್ತಿದ್ದರು. ನಾನು ಗುಂಡಿ ಹಾಕುತ್ತಿದ್ದರೆ ಅವರು ನನ್ನ ಕೆನ್ನೆ, ಕಿವಿ, ತಲೆ ಎಲ್ಲ ಮುಟ್ಟಿ ಮುಟ್ಟಿ ನೋಡಿದರು. ಬರಿ ಸ್ವೆಟರಿನಲ್ಲಿ ಹಿಮದಲ್ಲಿ ನಿಂತವರು ಅಷ್ಟು ಹೊತ್ತೂ ಹೆದರಿದ್ದು, ಬೆಚ್ಚಗೆ ರೈಲಿನಲ್ಲಿ ಕೂತಿದ್ದ ನನಗಾಗಿ. ಸ್ಟೇಷನ್ ಮಾಸ್ತರ ನೋಡುತ್ತಿದ್ದಂತೆಯೇ ನಾನು ಜೋರಾಗಿ ಅತ್ತುಬಿಟ್ಟೆ.