ಗೇಣುದ್ದದ ಕಾರಿಗೆ ಪೂಜೆ

ಪೂಜೆಗಿಟ್ಟ ನಿಂಬೆಹಣ್ಣು ಕಾರಿನ ಚಕ್ರದಷ್ಟೇ ದಪ್ಪವಿತ್ತು. ಹತ್ತಲಾರದೆ ಕಾರು ಪಕ್ಕಕ್ಕೆ ಮಗುಚಿಕೊಂಡಿತು.

ಕಬ್ಬಾಳಿನ ಹತ್ತಿರ ನಮ್ಮ ರಾಗಿ ಕಣದಲ್ಲಿ ಬೆಂಗಳೂರಿನವರು ಟೀವಿ ಜಾಹೀರಾತು ತೆಗೆಯುತ್ತಿದ್ದರು. ಗೇಣುದ್ದದ ರಿಮೋಟ್ ಕಾರುಗಳನ್ನು ಓಡಿಸಿ, ನಿಜವಾದ ರೇಸಿನಂತೆ ತೋರಿಸುವುದು ಅವರ ಕೆಲಸ. ಬೆಳಗಿನಿಂದ ಒಂದೊಂದಾಗಿ ಕಾರುಗಳು ತಿರುವಿನಲ್ಲಿ ಪಲ್ಟಿ ಹೊಡೆದು ಕೆಟ್ಟಿದ್ದವು. ಉಳಿದಿದ್ದು ಈ ಕೆಂಪು ಕಾರೊಂದೇ. ಹೊತ್ತು ಬೇರೆ ಬೆಟ್ಟದ ಹಿಂದೆ ಇಳಿಯುತ್ತಿತ್ತು.

“ಪೂಜೆ ಮಾಡ್ದೆ ಗಾಡಿ ಬುಟ್ರೆ ಇನ್ನೇನಾದದು” ಎಂದು ಅರಿಶಿನ, ಕುಂಕುಮ, ಕರ್ಪೂರ, ನಿಂಬೆಹಣ್ಣು ಹಿಡಿದು ಬಂದವರು ನಮ್ಮತ್ತೆ.

ನಿಂಬೆಹಣ್ಣಿಗೆ ಮಗುಚಿದ ಕಾರನ್ನು ಎತ್ತಿ ನಿಲ್ಲಿಸುತ್ತ ನಿರ್ದೇಶಕರು ಬೇಸರದಲ್ಲಿ, “ಅಮ್ಮಾ, ಇದು ಆಟದ ಕಾರು” ಎಂದರು.

“ಓಡ್ತದೆ ತಾನೆ? ಓಡೋದೆಲ್ಲ ಗಾಡಿನೇ ಕಣಪ್ಪ” ಎಂದ ಅತ್ತೆ, ನಿಂಬೆಹಣ್ಣಿನ ಬದಲು ಬೇಲಿಯಿಂದ ಗೋಲಿಗಿಂತ ಚಿಕ್ಕ ನಾಲ್ಕು ಸುಂಡೆಕಾಯಿ ಕಿತ್ತು ತಂದು ಚಕ್ರಕ್ಕೊಂದರಂತೆ ಇಟ್ಟರು. ರಿಮೋಟ್ ಹಿಡಿದಾತ ನಗುತ್ತಲೇ ಕಾರು ಬಿಟ್ಟ. ನಾಲ್ಕೂ ಪಚಕ್ಕನೆ ಒಡೆದವು. ಕಾರು ಕಣದ ಧೂಳೆಬ್ಬಿಸಿಕೊಂಡು ಹೋಗಿ, ತಿರುವಿನಲ್ಲಿ ವಾಲಿದರೂ ಬೀಳದೆ ಕೊನೆಯ ಗೆರೆ ದಾಟಿತು. ನಿರ್ದೇಶಕರು ಬೂಟು ಕಳಚಿಟ್ಟು ಬಂದು ಮಂಗಳಾರತಿ ತೆಗೆದುಕೊಂಡರು.

ಕೆಲವು ತಿಂಗಳ ನಂತರ ಟೀವಿಯಲ್ಲಿ ಆ ಕಾರು ಲಾರಿಯಷ್ಟು ದೊಡ್ಡದಾಗಿ ನಮ್ಮ ಮೇಲೇ ನುಗ್ಗಿ ಬಂತು. ಮುಂದಿನ ಚಕ್ರಕ್ಕೆ ಸುಂಡೆಕಾಯಿಯ ಹಸಿರು ಸಿಪ್ಪೆ ಇನ್ನೂ ಅಂಟಿಕೊಂಡಿತ್ತು. ಅತ್ತೆ ಕಾಫಿ ಲೋಟ ಕೆಳಗಿಟ್ಟು, “ಆ ಬೂಟಿನವ್ನು ಒರಸ್ದೇನೆ ಬುಟ್ಟವ್ನೆ. ಒಳ್ಳೆ ಮನ್ಸ” ಎಂದರು.