ಹೀಟರಿಗೆ ಹೊದಿಸಿದ ಗಲೀಫು

ಬಿಜಾಪುರದ ಅಖ್ತರಿ ಬೇಗಂ ಕಾರು ಹತ್ತಿದರೆಂದರೆ ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನ ಅಳಿಲುಗಳು ಮರದಿಂದ ಇಳಿಯುತ್ತಿರಲಿಲ್ಲ. ಡ್ರೈವಿಂಗ್ ಪರೀಕ್ಷೆ ಮಾಡಲು ಪಕ್ಕದಲ್ಲಿ ಕೂತ ಅಧಿಕಾರಿಯೊಬ್ಬ ಆಮೇಲೆ ಕಾರಿನ ಸಹವಾಸವೇ ಬೇಡವೆಂದು ಸೈಕಲ್ಲಿನಲ್ಲಿ ಮನೆಗೆ ಹೊರಟುಹೋದನಂತೆ.

ಆದರೆ ಆ ಊರಿನಲ್ಲಿ ಕಾರಿಲ್ಲದವರಿಗೆ ಕಾಲೂ ಇಲ್ಲ. ಮಗ ಕಲೀಮ್ ಹೃದಯದ ಡಾಕ್ಟರು. ಕೊತ್ತಂಬರಿ ಸೊಪ್ಪು ತರಬೇಕಾದರೂ ತಾಯಿ ಅವನ ಅಪಾಯಿಂಟ್‌ಮೆಂಟ್ ಕಾಯಬೇಕಿತ್ತು. "ಈ ಸಲಾನೂ ಫೇಲಾದ್ರ ಕೀಲಿ ನನ್ನ ಕಡೆ ಇರತೈತಿ, ಅಮ್ಮಿ," ಎಂದಿದ್ದ ಅವನು. ಪರೀಕ್ಷೆ ಮಂಗಳವಾರ.

ಪಕ್ಕದ ಮನೆಯ ಶಾರದ ಮೈಸೂರಿನವರು. ಭಾನುವಾರ ಅವರೇ ಅಖ್ತರಿಯವರನ್ನು ಡೆಟ್ರಾಯಿಟ್‌ನ ಒಂದು ಪುಟ್ಟ ಚರ್ಚಿಗೆ ಕರೆದೊಯ್ದರು. ಹಿಮಗಟ್ಟಿದ ನದಿಯ ಮೇಲೆ ಲಾಂದ್ರ ಹಿಡಿದು ನಡೆದುಬಂದ ಸಂತನೊಬ್ಬನನ್ನು ಅಲ್ಲೇ ಹೂತಿದ್ದಾರೆಂದು ಪ್ರತೀತಿ. ಅಗೆದು ನೋಡಿದವರು ಯಾರೂ ಇಲ್ಲ. ಇಟಲಿಯಿಂದ ಬಂದ ಗಾರೆಯವರು ಮಾತ್ರ ನಂಬಿ, ಬರೋಕ್ ಶೈಲಿಯಲ್ಲಿ ಕಟ್ಟಿಬಿಟ್ಟಿದ್ದರು. ಕಂಬಗಳು ಜಿಲೇಬಿಯಂತೆ ತಿರುಚಿಕೊಂಡಿದ್ದವು. ಸಂದುಗೊಂದಿನಿಂದೆಲ್ಲ ದುಂಡು ದೇವದೂತರು ಇಣುಕುತ್ತಿದ್ದರು. ಚಿನ್ನದ ಬಣ್ಣ ಬಳಿಯದೆ ಉಳಿದದ್ದು ಪಾದ್ರಿಯ ಬೋಳುತಲೆ ಒಂದೇ.

"ಸಂತರು ಅಂದ್ರ ಸಂತರು. ಯಾವ ಊರಿನವರಾದ್ರೇನು?" ಎಂದು ಅಖ್ತರಿ ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ದರ್ಗಾದ ಗೋರಿಗೆ ಹೊದಿಸುವಂಥ ಹಸಿರು ಗಲೀಫನ್ನು ಜರಿ ಹಚ್ಚಿ ತಾವೇ ಹೊಲಿದು ತಂದಿದ್ದರು. ಗೋಡೆಯ ಬದಿಯ ಕೆತ್ತನೆಯ ಪೆಟ್ಟಿಗೆಯೇ ಗೋರಿಯೆಂದುಕೊಂಡು, ಅದರ ಮೇಲೆ ಹೊದಿಸಿ, ಲೈಸೆನ್ಸ್ ಕೇಳಿಕೊಂಡು ಬಂದರು.

ಸೋಮವಾರ ಮಧ್ಯಾಹ್ನ ಪಾದ್ರಿ ಶಾರದ ಅವರಿಗೆ ಫೋನು ಮಾಡಿದರು. ಅದನ್ನು ಎತ್ತಲು ಓಡಿಬಂದ ಶಾರದ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡರು. ಕುಂಟುತ್ತಲೇ ಪಕ್ಕದ ಮನೆಗೆ ಬಂದರು.

"ಅಯ್ಯೋ ಆಂಟಿ, ನೀವು ಹೊದಿಸಿದ್ದು ಚರ್ಚು ಬೆಚ್ಚಗಿಡೋ ಹೀಟರಿಗಂತೆ! ಸಂತರು ಇರೋದು ಬಾಗಿಲ ಹತ್ರ, ನೆಲದ ಕಲ್ಲಿನ ಕೆಳಗೆ. ಬಟ್ಟೆ ಸುಡೋಕೆ ಮುಂಚೆ ಪಾದ್ರಿ ತೆಗೆದಿಟ್ಟಿದಾರೆ."

"ಯಾ ಅಲ್ಲಾ! ಆ ಕಲ್ಲಿನ ಮ್ಯಾಲೇ ನಿಂತು ಚಪ್ಪಲಿ ಹಾಕ್ಕೊಂಡೆನಲ್ಲ! ಏಳು, ಈಗ್ಲೇ ಹೋಗಿ ಮಾಫಿ ಕೇಳೂಣು."

"ಈ ಕಾಲಲ್ಲಿ ನಾನು ಡ್ರೈವ್ ಮಾಡೋದು ಹೇಗೆ?"

"ನಾ ಹೊಡೀತೀನಿ. ಲೈಸೆನ್ಸ್ ಇರೋ ನೀ ಬಾಜೂಕ ಕೂತ್ರ ಸಾಕು."

ಶಾರದ, ಗುರುರಾಯರನ್ನು ನೆನೆಯುತ್ತಾ ಬೆಲ್ಟು ಬಿಗಿದುಕೊಂಡರು. ಫ್ರೀವೇಗೆ ಸೇರುವಾಗ ರೈಲಿನಷ್ಟುದ್ದದ ಲಾರಿ ಪಕ್ಕಕ್ಕೇ ಬಂತು. ಶಾರದ ಕಣ್ಣು ಮುಚ್ಚಿದರು. ಅಖ್ತರಿಗೆ ಅದರ ಪರಿವೆಯೇ ಇಲ್ಲ. "ಹೀಟರಿಗೆ ಸಲಾಮ್ ಹೊಡದಿನಲ್ಲ, ಹುಚ್ಚಮುಂಡೆ ನಾ," ಎಂದು ತಮ್ಮನ್ನೇ ಬೈದುಕೊಳ್ಳುತ್ತಾ ಕನ್ನಡಿ ನೋಡಿದರು, ಸಿಗ್ನಲ್ ಹಾಕಿದರು, ಲಾರಿಯ ಮುಂದೆ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ನುಸುಳಿದರು. ಎದುರಿನ ಕಾರುಗಳಿಗೆ ಅಡ್ಡಹಾಯಬೇಕಾದ, ಯಾವತ್ತೂ ತಪ್ಪುತ್ತಿದ್ದ ಎಡ ತಿರುವನ್ನೂ ದಾಟಿದರು. ಚರ್ಚಿನ ಮುಂದೆ ಎರಡು ಕಾರುಗಳ ನಡುವೆ ಹಿಂದುಹಿಂದಕ್ಕೆ ಬಂದು ನಿಲ್ಲಿಸಿದರು.

"ಆಂಟಿ," ಎಂದರು ಶಾರದ ಕಣ್ಣು ಬಿಟ್ಟು, "ಇದನ್ನೆಲ್ಲ ಮಾಡಿದ್ದು ಯಾರು?"

ಅಖ್ತರಿ ಸ್ಟೀರಿಂಗ್ ಮೇಲಿದ್ದ ತಮ್ಮ ಕೈಗಳನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ, ಪಾದ್ರಿಯಿಂದ ಗಲೀಫು ಇಸಿದುಕೊಂಡು ಕಲ್ಲಿನ ಮೇಲೆ ಹಾಸಿ, ಬಗ್ಗಿ ಸಂತನಿಗೆ ಹೇಳಿದರು: "ಅಜ್ಜಾ, ತಪ್ಪಾತು, ಮಾಫ್ ಮಾಡು. ನಾಳೆ ಪರೀಕ್ಷೆಗೆ ಮಾತ್ರ ನೀ ಬರಬ್ಯಾಡ. ಬಾಜೂಕ ಸಾಹೇಬ ಕೂಡತಾನ, ಜಾಗ ಸಾಲೂದಿಲ್ಲ."